ಹಪ್ಪಳಕ್ಕೊಂದು ಹೆಸರು ಹುಡುಕಿದ ಹದಿನೆಂಟು ತಿಂಗಳು

ನಮ್ಮ ಅತ್ತೆ ಇಪ್ಪತ್ತು ವರ್ಷ ಹಲಸಿನ ಹಪ್ಪಳ ಮಾಡಿ ಮಾರಿದರು. ಆ ಹಪ್ಪಳಕ್ಕೆ ಹೆಸರೇ ಇರಲಿಲ್ಲ. ಇಪ್ಪತ್ತೈದರ ಕಟ್ಟು, ಬಾಳೆನಾರಿನ ಗಂಟು, ಮೇಲೊಂದು ಹಳೇ ಪೇಪರ್. ಬೇಕಾದವರು ಮನೆಗೇ ಬಂದು ಒಯ್ಯುತ್ತಿದ್ದರು. ಅದಕ್ಕೆ ಹೆಸರಿಟ್ಟವಳು ನಾನು. ತಾಪತ್ರಯ ಶುರುವಾದದ್ದೂ ಅಲ್ಲಿಂದಲೇ.

ನಮ್ಮದು ಉಡುಪಿ ಹತ್ತಿರ, ಕಲ್ಯಾಣಪುರದಿಂದ ಸ್ವಲ್ಪ ಒಳಗೆ. 2021ರಲ್ಲಿ ಮನೆಯವರು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಾಗ, ಅತ್ತೆಯ ಹಪ್ಪಳವನ್ನೇ ಸ್ವಲ್ಪ ದೊಡ್ಡದು ಮಾಡೋಣ ಅಂದುಕೊಂಡೆವು. ಜೊತೆಗೆ ಹಲಸಿನ ಚಿಪ್ಸ್, ಉಪ್ಪಿನಕಾಯಿ, ಸಾರಿನ ಪುಡಿ. ಒಂದು ಸಂಜೆ ಚಹಾ ಕುಡಿಯುತ್ತಾ ಹೆಸರು ಇಟ್ಟಾಯಿತು. ಎಲ್ಲರ ಮನೆಯಲ್ಲೂ ಓಡಾಡುವ, ಕೇಳಿದ ತಕ್ಷಣ ಊಟ ನೆನಪಾಗುವ ಪದ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಆ ಹೆಸರಲ್ಲಿ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದೆವು. ಹದಿನಾಲ್ಕು ಅಂಕಿಯ ನಂಬರ್ ಬಂತು. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಆಯಿತು, ಅದಕ್ಕೆ ದುಡ್ಡೇ ಇಲ್ಲ. ಪಂಚಾಯತ್ ಲೈಸೆನ್ಸ್ ಆಯಿತು. ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ಕೂಡ ಅದೇ ಹೆಸರಿನಲ್ಲಿ. ನಾಲ್ಕು ಕಡೆ ಹೆಸರು ಬರೆದುಕೊಟ್ಟೆವು, ನಾಲ್ಕೂ ಕಡೆ ಸೀಲು ಬಿತ್ತು. ಈ ಹೆಸರು ಈಗಾಗಲೇ ಬೇರೆ ಯಾರದ್ದಾದರೂ ಉಂಟಾ ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದು ಅವರ ಕೆಲಸವೂ ಅಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ. ಇಷ್ಟು ಕಾಗದದಲ್ಲಿ ಬಂದ ಮೇಲೆ ಹೆಸರು ನಮ್ಮದೇ ಅಲ್ವಾ ಅಂದುಕೊಂಡು ಹಾಯಾಗಿದ್ದೆ.

2024ರ ಜನವರಿಯಲ್ಲಿ ಪುತ್ತಿಗೆ ಮಠದ ಪರ್ಯಾಯ, ಅಂದರೆ ಉಡುಪಿ ಕೃಷ್ಣಮಠದ ಪೂಜೆಯ ಸರದಿ ಬದಲಾಗುವ ಉತ್ಸವ. ಆ ಜನಸಾಗರದಲ್ಲಿ ಪರಿಚಯದವರ ಸ್ಟಾಲಿನ ಒಂದು ಮೂಲೆ ನಮಗೆ ಸಿಕ್ಕಿತ್ತು. ತಂದದ್ದೆಲ್ಲ ಖಾಲಿ. ಆ ಧೈರ್ಯದಲ್ಲೇ ಬಣ್ಣದ ಪೌಚು ಮಾಡಿಸಿದೆವು, ಐದು ಸಾವಿರ. ಆನ್‌ಲೈನಿನಲ್ಲೂ ಮಾರಲು ಹಾಕಿದೆವು.

ಫೆಬ್ರವರಿ ಕೊನೆಗೆ ರಿಜಿಸ್ಟರ್ಡ್ ಪೋಸ್ಟ್ ಬಂತು. ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಳ್ಳುವಾಗ "ಎಂತ ಅಕ್ಕ, ಲೋನಾ?" ಎಂದು ನಕ್ಕರು. ಒಳಗೆ ನಾಲ್ಕು ಪುಟದ ಇಂಗ್ಲಿಷ್ ವಕೀಲ ನೋಟಿಸು. ಬೇರೆ ಊರಿನ ಒಂದು ಕಂಪನಿ ಅದೇ ಹೆಸರನ್ನು 2012ರಿಂದ ಬಳಸುತ್ತಿದೆಯಂತೆ, ಟ್ರೇಡ್‌ಮಾರ್ಕ್ ನೋಂದಣಿಯೂ ಆಗಿದೆಯಂತೆ. ಹದಿನೈದು ದಿನದೊಳಗೆ ಮಾರಾಟ ನಿಲ್ಲಿಸಿ, ಇರುವ ಪ್ಯಾಕೆಟ್ಟುಗಳನ್ನು ಒಪ್ಪಿಸಿ, ಇಷ್ಟು ದಿನದ ಲಾಭದ ಲೆಕ್ಕ ಕೊಡಿ, ಇಲ್ಲದಿದ್ದರೆ ಕೋರ್ಟು.

ಲಾಭದ ಲೆಕ್ಕ ಓದುವಾಗ ನಗು ಬರಬೇಕಿತ್ತು. ಬರಲಿಲ್ಲ. ಕೈ ತಣ್ಣಗಾಗಿತ್ತು. ಆ ರಾತ್ರಿ ಅತ್ತೆಗೆ ಹೇಳಲೂ ಇಲ್ಲ. ಬೆಳಿಗ್ಗೆ ನೋಡಿದರೆ ಆನ್‌ಲೈನಿನಲ್ಲಿ ಹಾಕಿದ್ದ ನಮ್ಮ ಐಟಂಗಳೂ ಮಾಯ. ದೂರು ಅಲ್ಲಿಗೂ ಹೋಗಿತ್ತು.

ನನಗೆ ಸಿಟ್ಟು ಬಂದದ್ದು ಇನ್ನೊಂದು ಕಾರಣಕ್ಕೆ. ನಮ್ಮ ಹೆಸರು ಕನ್ನಡ ಅಕ್ಷರದಲ್ಲಿ, ಅವರದ್ದು ಇಂಗ್ಲಿಷಿನಲ್ಲಿ. ಅವರದ್ದಕ್ಕೆ ಒಂದು 'ಎಚ್' ಜಾಸ್ತಿ, ಕೊನೆಗೆ ಒಂದು 'ಎ' ಜಾಸ್ತಿ. ಬಣ್ಣ ಬೇರೆ, ಚಿತ್ರ ಬೇರೆ. ಹೀಗಿದ್ದರೂ ನಕಲು ಅನ್ನುತ್ತಾರಲ್ಲ ಅಂತ.

ನಾದಿನಿಯ ಪರಿಚಯದಿಂದ ಮಂಗಳೂರಿನಲ್ಲಿ ಒಬ್ಬ ವಕೀಲರು ಸಿಕ್ಕಿದರು. ಕರಂಗಲ್ಪಾಡಿಯಲ್ಲಿ ಅವರ ಆಫೀಸು. ನಾನು 'ಎಚ್' ಮತ್ತು 'ಎ'ಯ ವಿಷಯ ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿದರು. ಆಮೇಲೆ ಹೇಳಿದರು, "ಅಮ್ಮ, ಒಮ್ಮೆ ಕಣ್ಣು ಮುಚ್ಚಿ ಎರಡನ್ನೂ ಬಾಯಲ್ಲಿ ಹೇಳಿ ನೋಡಿ."

ಹೇಳಿದೆ. ಎರಡೂ ಒಂದೇ.

ಅವರು ಒಂದು ಹಳೇ ಕೇಸು ಹೇಳಿದರು. ಅಮೃತಧಾರಾ ಎಂಬ ಔಷಧ ಇತ್ತು. ಇನ್ನೊಬ್ಬರು ಲಕ್ಷ್ಮಣಧಾರಾ ಅಂತ ಹೆಸರಿಟ್ಟು ನೋಂದಣಿಗೆ ಹೋದರು. ಓದಿದರೆ ಬೇರೆ ಬೇರೆ. 1962ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಅಂಗಡಿಗೆ ಬರುವ ಸಾಮಾನ್ಯ ಮನುಷ್ಯ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಹೋಲಿಸುವುದಿಲ್ಲ, ಅವನಿಗೆ ಅರೆಬರೆ ನೆನಪಿರುತ್ತದೆ, ಕಿವಿಗೆ ಎರಡೂ ಒಂದೇ ಥರ ಕೇಳಿದರೆ ಗೊಂದಲ ಆಗುತ್ತದೆ ಅಂತ. ನಮ್ಮ ಹೆಸರಂತೂ ಅಮೃತ, ಲಕ್ಷ್ಮಣದಷ್ಟೂ ದೂರ ಇರಲಿಲ್ಲ.

ನಾನು ಬಿಡಲಿಲ್ಲ. ನಂದಿನಿ ಹಾಲಿಗೂ ನಂದಿನಿ ಹೋಟೆಲಿಗೂ ಕೇಸು ನಡೆದು ಹೋಟೆಲಿನವರೇ ಗೆದ್ದರಲ್ಲ ಎಂದೆ. ಪೇಪರಿನಲ್ಲಿ ಓದಿದ ನೆನಪಿತ್ತು. "ಹೌದು, 2018ರಲ್ಲಿ ಗೆದ್ದರು. ಅದು ಹಾಲು, ಇದು ಹೋಟೆಲು. ನಿಮ್ಮದು ಹಪ್ಪಳ, ಅವರದ್ದೂ ಹಪ್ಪಳ. ಮತ್ತೆ ಆ ಹೋಟೆಲಿನವರು 1989ರಿಂದ ಆ ಹೆಸರು ಬಳಸುತ್ತಿದ್ದವರು. ಸುಪ್ರೀಂ ಕೋರ್ಟಿನವರೆಗೆ ಹೋಗಲಿಕ್ಕೆ ನಿಮಗೆ ಪುರುಸೊತ್ತು ಉಂಟಾ?" ಎಂದರು.

ಇನ್ನೊಂದು ದಾರಿ ಇತ್ತು. ಅವರಿಗಿಂತ ಮೊದಲಿನಿಂದ ನಾವೇ ಆ ಹೆಸರು ಬಳಸುತ್ತಿದ್ದೆವು ಎಂದು ತೋರಿಸಿದರೆ ಕಾನೂನು ನಮ್ಮ ಕಡೆ ನಿಲ್ಲುತ್ತದೆ. ಆಚೆಯವರ ನೋಂದಣಿ ಆಗಿದ್ದರೂ ಸರಿ. ಆದರೆ ನಮ್ಮ ಇಪ್ಪತ್ತು ವರ್ಷ ಬಾಳೆನಾರಿನಲ್ಲಿ ಕಳೆದಿತ್ತು. ಬಿಲ್ಲಿಲ್ಲ, ಲೇಬಲ್ಲಿಲ್ಲ. ಹೆಸರು ಹುಟ್ಟಿದ್ದೇ 2021ರಲ್ಲಿ. ಈಗ ಸಣ್ಣದಾಗಿ ಏನಾದರೂ ಮಾರುತ್ತಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಇವತ್ತಿನಿಂದಲೇ ಹೆಸರು ಹಾಕಿ ಬಿಲ್ ಬರೆಯಿರಿ, ತಾರೀಕು ಹಾಕಿ. ಹತ್ತು ರೂಪಾಯಿಯ ಬಿಲ್ ಬುಕ್ಕೂ ಸಾಕ್ಷಿಯೇ.

ಕೊನೆಗೆ ರಾಜಿ ಆಯಿತು. ಹೆಸರು ಬಿಡುತ್ತೇವೆ, ಮತ್ತೆ ಎಲ್ಲೂ ಬಳಸುವುದಿಲ್ಲ ಎಂದು ಸ್ಟಾಂಪ್ ಪೇಪರಿನಲ್ಲಿ ಬರೆದುಕೊಟ್ಟೆವು. ಅವರು ದುಡ್ಡು ಕೇಳುವುದನ್ನು ಬಿಟ್ಟರು. ನಾನು ಇಲ್ಲಿ ಆ ಹೆಸರು ಬರೆಯದಿರುವುದು ಅದಕ್ಕೇ. ನ್ಯಾಯವಾಗಿ ನೋಡಿದರೆ ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ನಮ್ಮ ಹೆಸರಲ್ಲಿ ಇನ್ನೊಬ್ಬರು ಹುಳಿ ಬಂದ ಹಪ್ಪಳ ಮಾರಿದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಅತ್ತೆಗೆ ಹೇಳಬೇಕಾಯಿತು. ಅವರು ಹಳೇ ಕಾಲದಲ್ಲಿ ಬೀಡಿ ಕಟ್ಟಿದವರು. ನಾನು ಟ್ರೇಡ್‌ಮಾರ್ಕ್ ಅಂದರೆ ಏನು ಅಂತ ವಿವರಿಸಲು ತಡಕಾಡುತ್ತಿದ್ದರೆ ಅವರೇ ಹೇಳಿದರು: "ಬೀಡಿಯ ಲೇಬಲ್ ಅಲ್ವಾ? ಎಲೆಯೂ ಹೊಗೆಸೊಪ್ಪೂ ಎಲ್ಲಾ ಕಡೆ ಸಿಗ್ತದೆ. ಲೇಬಲ್ ಸಿಗುದಿಲ್ಲ." ಆಮೇಲೆ ವಕೀಲರಿಗೆ ಈ ಮಾತು ಹೇಳಿದಾಗ ಅವರು ಮಂಗಳೂರು ಗಣೇಶ್ ಬೀಡಿಯ ಕಥೆ ಹೇಳಿದರು. ಪಾಲುದಾರಿಕೆ ಮುರಿದಾಗ ಪಾಲುದಾರರ ನಡುವೆಯೇ ಆ ವ್ಯವಹಾರ ಹರಾಜಾಯಿತಂತೆ, 92 ಕೋಟಿಗೆ. ಅದರ ದೊಡ್ಡ ಪಾಲು ಬರೀ ಟ್ರೇಡ್‌ಮಾರ್ಕಿನ ಬೆಲೆ. ತೆರಿಗೆ ವಿಷಯಕ್ಕೆ ಆ ಲೆಕ್ಕ ಸುಪ್ರೀಂ ಕೋರ್ಟಿಗೂ ಹೋಗಿ 2015ರಲ್ಲಿ ತೀರ್ಪಾಯಿತು. ಅತ್ತೆ ಒಂದೇ ವಾಕ್ಯದಲ್ಲಿ ಮುಗಿಸಿದ್ದರು.

ಇನ್ನು ಹೊಸ ಹೆಸರು. ಈ ಸಲ ಮೊದಲು ಹುಡುಕಾಟ, ಆಮೇಲೆ ಪ್ರೀತಿ ಎಂದು ತೀರ್ಮಾನಿಸಿದೆ.

ಹುಡುಕುವುದಕ್ಕೆ ದುಡ್ಡಿಲ್ಲ. ಐಪಿ ಇಂಡಿಯಾ ಎಂಬ ಸರ್ಕಾರಿ ಜಾಲತಾಣದಲ್ಲಿ ಟ್ರೇಡ್‌ಮಾರ್ಕ್ ಸಾರ್ವಜನಿಕ ಹುಡುಕಾಟ ಅಂತ ಇದೆ. ಪದ ಹಾಕಬೇಕು, ವರ್ಗ ಹಾಕಬೇಕು. ಸರಕು ಸೇವೆಗಳನ್ನೆಲ್ಲ 45 ವರ್ಗ ಮಾಡಿದ್ದಾರೆ. 34ರವರೆಗೆ ಸರಕು, ಉಳಿದದ್ದು ಸೇವೆ. ಉಪ್ಪಿನಕಾಯಿ, ಹಲಸಿನ ಚಿಪ್ಸ್ 29ರಲ್ಲಿ. ಮಸಾಲೆ, ಸಾರಿನ ಪುಡಿ 30ರಲ್ಲಿ. ಹಪ್ಪಳವನ್ನು ನಮ್ಮ ಏಜೆಂಟರು, ಅಂದರೆ ನಮ್ಮ ಪರವಾಗಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿಕೊಟ್ಟವರು, 30ಕ್ಕೆ ಹಾಕಿಸಿದರು. ಹೋಟೆಲ್ ಇಡುವವರಿಗೆ 43.

ನಾನು ಮೊದಲ ದಿನ ಮಾಡಿದ ತಪ್ಪು, ಪೂರ್ತಿ ಹೆಸರು ಹಾಕಿ 'ಏನೂ ಇಲ್ಲ' ಅಂತ ಬಂದ ತಕ್ಷಣ ಕುಣಿದದ್ದು. ಹಾಗಲ್ಲ. 'ಇದರಿಂದ ಶುರುವಾಗುವ', 'ಇದು ಒಳಗಿರುವ' ಎಂಬ ಆಯ್ಕೆಗಳಿವೆ, ಅದರಲ್ಲಿ ಹುಡುಕಬೇಕು. ಉಚ್ಚಾರದ ಮೇಲೆ ಹುಡುಕುವ ಫೊನೆಟಿಕ್ ಆಯ್ಕೆ ಬೇರೆ ಇದೆ, ಅದನ್ನೂ ನೋಡಲೇಬೇಕು. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ಥರ ಬರೆಯಬಹುದಲ್ಲ, ಅಷ್ಟೂ ಥರ ಹಾಕಿ ನೋಡಬೇಕು. ನಮ್ಮದಲ್ಲದ ಪಕ್ಕದ ವರ್ಗಗಳನ್ನೂ ನೋಡಬೇಕು. ಸೈಟು ಮಧ್ಯೆ ಮಧ್ಯೆ ನಿಂತುಬಿಡುತ್ತದೆ. ಕ್ಯಾಪ್ಚಾ ಸರಿ ಹಾಕಿದರೂ ತಪ್ಪು ಅನ್ನುತ್ತದೆ. ರಾತ್ರಿ ಊಟ ಆದ ಮೇಲೆ ಕೂತರೆ ಸ್ವಲ್ಪ ವಾಸಿ. ಇಷ್ಟಾದ ಮೇಲೆ ಗೂಗಲ್, ಇನ್‌ಸ್ಟಾಗ್ರಾಂ, ಆನ್‌ಲೈನ್ ಅಂಗಡಿಗಳು. ನೋಂದಣಿ ಮಾಡಿಸದೆ ಹೆಸರು ಮಾಡಿದವರಿಗೂ ಹಕ್ಕಿರುತ್ತದೆ, ಅವರೂ ಕೇಸು ಹಾಕಬಹುದು.

ಹಳೇ ಕ್ಯಾಲೆಂಡರಿನ ಹಿಂದೆ ಇಪ್ಪತ್ತಮೂರು ಹೆಸರು ಬರೆದೆ. ಅಜ್ಜಿ, ಅಮ್ಮ, ಮನೆ, ರುಚಿ, ಸಿರಿ, ಕರಾವಳಿ, ತುಳುನಾಡು. ಒಂದೊಂದಕ್ಕೂ ಪುಟ ಪುಟ ಉತ್ತರ ಬಂತು. ನಮಗೆ ಚಂದ ಕಂಡ ಪದ ಎಲ್ಲರಿಗೂ ಚಂದ ಕಂಡಿರುತ್ತದೆ, ಅಷ್ಟೇ. ಒಂದೊಂದಾಗಿ ಅಡ್ಡಗೆರೆ ಎಳೆಯುತ್ತಾ ಬಂದೆ. ಮನೆಯವರು 'ಉಡುಪಿ' ಅಂತ ಸೇರಿಸೋಣ ಎಂದರು. ಉಡುಪಿ ಹೆಸರಿನ ಹೋಟೆಲಿಲ್ಲದ ದೊಡ್ಡ ಊರು ಯಾವುದು ಹೇಳಿ? ಅದು ಊರಿನ ಹೆಸರು, ಒಬ್ಬರದ್ದೇ ಅಂತ ಮಾಡಿಕೊಳ್ಳುವುದು ಕಷ್ಟ. ಮಾಲು ಏನು ಅಂತ ನೇರ ಹೇಳುವ ಪದಗಳೂ ಹಾಗೆಯೇ. 'ಗರಿಗರಿ ಹಪ್ಪಳ' ಅಂದರೆ ಎಲ್ಲರ ಹಪ್ಪಳವೂ ಗರಿಗರಿಯೇ. ಕಾಯಿದೆಯ 9ನೇ ಕಲಮಿನಲ್ಲಿ ಇವನ್ನೆಲ್ಲ ತಡೆಯುತ್ತಾರೆ. ಬೇರೆಯವರ ಹೆಸರಿಗೆ ಹೋಲುವುದನ್ನು ತಡೆಯುವುದು 11ನೇ ಕಲಮು. ಅತ್ತೆ 'ಮಟ್ಟುಗುಳ್ಳ' ಅಂದರು, ಸುಮ್ನೆ ತಮಾಷೆಗೆ. ಅದಂತೂ 2011ರಲ್ಲೇ ಜಿಐ, ಅಂದರೆ ಭೌಗೋಳಿಕ ಗುರುತು, ಪಡೆದ ಬದನೆ. ಆ ಹೆಸರು ಮಟ್ಟುವಿನ ಬೆಳೆಗಾರರಿಗೆ ಸೇರಿದ್ದು, ಅದನ್ನು ಯಾರೂ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವ ಹಾಗಿಲ್ಲ.

ಹೆಸರು ಸಿಕ್ಕಿದ್ದು ನನ್ನ ತಲೆಯಿಂದಲ್ಲ. ಖಾಯಂ ಗಿರಾಕಿಯೊಬ್ಬರು ಹಪ್ಪಳ ಒಯ್ಯಲು ಬಂದವರು, ಫೋನು ಸಿಗಲಿಲ್ಲ ಎಂದು ನನ್ನ ನಂಬರನ್ನು ತೋರಿಸಿದರು. ಅವರ ಮೊಬೈಲಿನಲ್ಲಿ ನಾವು 'ತಡಮೆ ಮನೆ ಹಪ್ಪಳ' ಅಂತ ಇದ್ದೆವು.

ತಡಮೆ ಗೊತ್ತಿಲ್ಲದವರಿಗೆ: ನಮ್ಮ ಕಡೆ ಅಗಳಿಗೋ ಬೇಲಿಗೋ ಮಧ್ಯೆ ಬಿಟ್ಟ ಸಣ್ಣ ದಾರಿ. ಮನುಷ್ಯ ಕಾಲೆತ್ತಿ ದಾಟಬಹುದು, ದನ ಬರುವ ಹಾಗಿಲ್ಲ. ನಮ್ಮ ಮನೆಯದ್ದು ಎರಡು ಮುರಕಲ್ಲಿನ ಕಂಬ, ನಡುವೆ ಅಡ್ಡಕ್ಕೆ ಮೂರು ಬಿದಿರು. ಮೇಲಿನ ಬಿದಿರು ಜನ ಕೈ ಊರಿ ಊರಿ ನುಣುಪಾಗಿ ಹೊಳೆಯುತ್ತದೆ. ಊರಿನಲ್ಲಿ ಉಳಿದವರೆಲ್ಲ ಗೇಟು ಹಾಕಿಸಿದರು, ನಮ್ಮದು ಹಾಗೇ ಉಳಿಯಿತು. ಅದಕ್ಕೇ ಆ ಗುರುತು. ಹೆಸರಿಲ್ಲ ಅಂದುಕೊಂಡಿದ್ದ ಹಪ್ಪಳಕ್ಕೆ ಜನ ಯಾವತ್ತೋ ಹೆಸರಿಟ್ಟಿದ್ದರು.

ಮನೆಯವರಿಗೆ ಇಷ್ಟ ಆಗಲಿಲ್ಲ. "ತಡಮೆ ಅಂದ್ರೆ ಆರ್ಡರು ತಡ ಆಗ್ತದೆ ಅಂದುಕೊಳ್ತಾರೆ" ಎಂದರು. ತಿನ್ನುವುದಕ್ಕೂ ತಡಮೆಗೂ ಏನು ಸಂಬಂಧ ಎಂದೂ ಕೇಳಿದರು. ಸಂಬಂಧ ಇಲ್ಲದಿರುವುದೇ ಒಳ್ಳೆಯದು ಎಂದರು ವಕೀಲರು. ಮಾಲಿಗೂ ಹೆಸರಿಗೂ ದೂರ ಇದ್ದಷ್ಟೂ ಹೆಸರು ಗಟ್ಟಿ. ಹುಡುಕಾಟದಲ್ಲಿ 29, 30 ಎರಡರಲ್ಲೂ ಅಂಥದ್ದು ಸಿಗಲಿಲ್ಲ.

ಏಪ್ರಿಲ್ ಮಧ್ಯದಲ್ಲಿ ಅರ್ಜಿ ಹಾಕಿದೆವು. ಟಿಎಂ-ಎ ಎಂಬ ಫಾರಂ. ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆದರೆ ಎಲ್ಲ ಆನ್‌ಲೈನ್, ಒಮ್ಮೆಯೂ ಹೋಗಬೇಕಾಗಲಿಲ್ಲ. ಒಬ್ಬರೇ ಮಾಲೀಕರಾದರೆ ಅಥವಾ ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮವಾದರೆ ಒಂದು ವರ್ಗಕ್ಕೆ 4,500 ರೂಪಾಯಿ. ಉಳಿದ ಸಂಸ್ಥೆಗಳಿಗೆ 9,000. ಎರಡು ವರ್ಗಕ್ಕೆ ಎರಡು ಬೇರೆ ಅರ್ಜಿ ಹಾಕಿಸಿದರು. ಒಂದಕ್ಕೆ ತಕರಾರು ಬಂದರೂ ಇನ್ನೊಂದು ಮುಂದೆ ಹೋಗಲಿ ಅಂತ. ಅದು ಒಳ್ಳೆಯ ಬುದ್ಧಿ ಅಂತ ಆಮೇಲೆ ಗೊತ್ತಾಯಿತು. ಪ್ಯಾನ್, ಆಧಾರ್, ಉದ್ಯಮ್ ಪ್ರತಿ, ಏಜೆಂಟರಿಗೆ ಅಧಿಕಾರ ಕೊಡುವ ಟಿಎಂ-48, ಇಷ್ಟೇ ಕಾಗದ. ಹೆಸರು ಇನ್ನೂ ಬಳಸಿಲ್ಲ, 'ಮುಂದೆ ಬಳಸಲಿದ್ದೇವೆ' ಎಂದು ಹಾಕಿದ್ದರಿಂದ ಅಫಿಡವಿಟ್ ಬೇಕಾಗಲಿಲ್ಲ. ಮೊದಲೇ ಬಳಸುತ್ತಿದ್ದೇವೆ ಎನ್ನುವವರು ಅಫಿಡವಿಟ್ಟು, ಬಿಲ್ಲು ಎಲ್ಲ ಕೊಡಬೇಕು. 'ತಡಮೆ ಮನೆ' ಅಂತ ಜನ ಕರೆಯುತ್ತಿದ್ದರಲ್ಲ ಎಂದು ಕೇಳಿದೆ. ಕಾಗದ ಎಲ್ಲಿ ಎಂದರು. ಮತ್ತೆ ಅದೇ ಬಾಳೆನಾರು.

ಹೆಸರು ಕನ್ನಡ ಲಿಪಿಯಲ್ಲಿದ್ದರೆ ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದುಕೊಡಬೇಕು. ತಡಮೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ನಾದಿನಿ ನಿಘಂಟು ನೋಡಿ 'ಸ್ಟೈಲ್' (stile) ಅಂದಳು. ನಾನು ಫೋನಿನಲ್ಲಿ ಹಾಗೇ ಹೇಳಿದೆ, ಏಜೆಂಟರ ಕಚೇರಿಯ ಹುಡುಗ ಫ್ಯಾಶನ್ನಿನ ಸ್ಟೈಲ್ (style) ಅಂತ ಟೈಪ್ ಮಾಡಿದ. ಕಳಿಸುವ ಮೊದಲು ಡ್ರಾಫ್ಟ್ ನೋಡಿದ್ದರಿಂದ ಸಿಕ್ಕಿತು. ಡ್ರಾಫ್ಟ್ ಕೇಳಿ ಓದಿ, ಎಷ್ಟೇ ಅವಸರ ಇದ್ದರೂ.

ಆಮೇಲೆ ಕಾಯುವುದು. ಅರ್ಜಿ ನಂಬರ್ ಹಾಕಿ ದಿನಾ ಸ್ಟೇಟಸ್ ನೋಡುವ ಚಟ ಹತ್ತಿತು. ಫಾರ್ಮಾಲಿಟೀಸ್ ಚೆಕ್ ಪಾಸ್. ಮಾರ್ಕ್ಡ್ ಫಾರ್ ಎಕ್ಸಾಮ್, ಅಂದರೆ ಪರೀಕ್ಷಕರ ಸರದಿಗೆ ಕಾಯುವುದು. ಮಳೆಗಾಲವಿಡೀ ಅದೇ. ಒಂದು ದಿನ ಆಗಸ್ಟಿನಲ್ಲಿ ನೋಡಿದರೆ 30ನೇ ವರ್ಗದ್ದು 'ಆಬ್ಜೆಕ್ಟೆಡ್'. ಎದೆ ಧಸಕ್ಕೆಂದಿತು. ಮತ್ತೊಂದು ನೋಟಿಸು ಅಂತಲೇ ಅಂದುಕೊಂಡೆ. ಅಲ್ಲ, ಇದು ಪರೀಕ್ಷಕರ ವರದಿ, ಬಹಳ ಜನರಿಗೆ ಬರುತ್ತದೆ. ಆದರೆ ಅದಕ್ಕೆ 30 ದಿನದೊಳಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಅರ್ಜಿ ಕೈಬಿಟ್ಟಂತೆ. ವರದಿ ಏಜೆಂಟರ ಇಮೇಲಿಗೆ ಬಂದು ಹನ್ನೊಂದು ದಿನ ಆಗಿತ್ತು, ಅವರು ನೋಡಿರಲಿಲ್ಲ! ದಿನಾ ಸ್ಟೇಟಸ್ ನೋಡುವ ಚಟ ಅವತ್ತು ಉಪಯೋಗಕ್ಕೆ ಬಂತು.

ತಕರಾರು ಏನೆಂದರೆ, 'ತಡ್ಕಾ' ಎಂಬ ಪದ ಇರುವ ಎರಡು ಮಸಾಲೆ ಹೆಸರುಗಳಿಗೆ ನಮ್ಮದು ಹೋಲುತ್ತದಂತೆ. ಒಗ್ಗರಣೆಗೂ ತಡಮೆಗೂ! ಲಿಖಿತ ಉತ್ತರ ಕೊಟ್ಟೆವು, ಸಾಲಲಿಲ್ಲ. ನವೆಂಬರಿನಲ್ಲಿ ವಿಚಾರಣೆ ಇಟ್ಟರು, ವಿಡಿಯೋದಲ್ಲಿ. ಎರಡು ಗಂಟೆ ಕಾದ ಮೇಲೆ ನಮ್ಮ ಸರದಿ, ಮುಗಿದದ್ದು ನಾಲ್ಕೇ ನಿಮಿಷದಲ್ಲಿ. ಅಧಿಕಾರಿ ಆ ಪದದ ಅರ್ಥ ಕೇಳಿದರು. ಏಜೆಂಟರು ವಿವರಿಸಿ, ನಾನು ಕಳಿಸಿದ್ದ ನಮ್ಮ ತಡಮೆಯ ಫೋಟೋ ತೋರಿಸಿದರು. ಅಧಿಕಾರಿ ಸ್ವಲ್ಪ ಹೊತ್ತು ಫೋಟೋ ನೋಡಿ, ಸರಿ ಎಂದರು.

2025ರ ಶುರುವಿನಲ್ಲಿ ಎರಡೂ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಬಂದವು, ಮೊದಲು 29, ಎರಡು ತಿಂಗಳ ಮೇಲೆ 30. ಜರ್ನಲ್ ಪ್ರತಿ ಸೋಮವಾರ ಬರುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಹಾಕಬಹುದು. ಆ ನಾಲ್ಕು ತಿಂಗಳು ಪೋಸ್ಟ್‌ಮ್ಯಾನ್ ತಡಮೆ ದಾಟಿದರೆ ಹೊಟ್ಟೆಯಲ್ಲಿ ಸಂಕಟ. ಅದೇ ಹೊತ್ತಿಗೆ ಫೋನುಗಳೂ ಶುರು: "ನಿಮ್ಮ ಸರ್ಟಿಫಿಕೇಟ್ ರೆಡಿ, 6,000 ಕಟ್ಟಿ." ಕಟ್ಟಬೇಡಿ. ಅರ್ಜಿಯ ವಿವರ ಎಲ್ಲರಿಗೂ ಕಾಣುವಂತೆ ಇರುತ್ತದೆ, ಅದನ್ನು ನೋಡಿ ಮಾಡುವ ಕರೆಗಳು ಅವು. ಸರ್ಟಿಫಿಕೇಟಿಗೆ ಬೇರೆ ಶುಲ್ಕವೇ ಇಲ್ಲ.

ಯಾರೂ ವಿರೋಧಿಸಲಿಲ್ಲ. ಆಗಸ್ಟಿನಲ್ಲಿ ಎರಡನೆಯ ಸರ್ಟಿಫಿಕೇಟೂ ಬಂತು. ಇನ್ನು ಪ್ಯಾಕೆಟ್ಟಿನ ಮೇಲೆ ವೃತ್ತದೊಳಗಿನ 'ಆರ್' ಹಾಕಬಹುದು. ಅಲ್ಲಿಯವರೆಗೆ ಬರೀ 'ಟಿಎಂ'. ನೋಂದಣಿ ಆಗುವ ಮೊದಲೇ 'ಆರ್' ಹಾಕುವುದು ಕಾನೂನು ಪ್ರಕಾರ ತಪ್ಪು. ಪ್ರಿಂಟಿಂಗಿನವರು ಚಂದಕ್ಕೆ ಹಾಕಿಬಿಡುತ್ತಾರೆ, ನೋಡಿಕೊಳ್ಳಿ.

ಖರ್ಚು ಕೇಳುವವರಿಗೆ: ಅರ್ಜಿ ಶುಲ್ಕ 9,000, ಏಜೆಂಟರಿಗೆ ತಕರಾರು, ವಿಚಾರಣೆ ಸೇರಿ 14,000. ಇದು ಹೇಗೂ ಆಗುವ ಖರ್ಚು. ನೋಟಿಸಿಗೆ ಉತ್ತರ, ಸ್ಟಾಂಪ್ ಪೇಪರ್ ಎಂದು 5,500. ಉಳಿದ 3,200 ಪೌಚು ತಲಾ ಆರು ರೂಪಾಯಿಯಂತೆ 19,200, ಅದನ್ನು ಅಚ್ಚು ಹಾಕುವ ಸಿಲಿಂಡರಿನ ದುಡ್ಡು ಬೇರೆ. ಪಂಚಾಯತ್, ಬ್ಯಾಂಕು, ಎಫ್‌ಎಸ್‌ಎಸ್‌ಎಐ ಎಲ್ಲ ಕಡೆ ಹೆಸರು ಬದಲಿಸಲು ಓಡಾಡಿದ್ದಕ್ಕೆ ಲೆಕ್ಕ ಇಟ್ಟಿಲ್ಲ. 2021ರ ಆ ಸಂಜೆ ಚಹಾ ಆದ ಮೇಲೆ ಒಂದು ಗಂಟೆ ಹುಡುಕಿದ್ದರೆ ಈ ಎರಡನೆಯ ಕಂತು ಪೂರ್ತಿ ಉಳಿಯುತ್ತಿತ್ತು. ಈಗ ನಾವು ಸಾದಾ ಪೌಚಿಗೆ ಸ್ಟಿಕ್ಕರ್ ಅಂಟಿಸುತ್ತೇವೆ. ಸಿಲಿಂಡರಿನ ಸುದ್ದಿಗೆ ಹೋಗಿಲ್ಲ.

ಹಳೇ ಪೌಚುಗಳನ್ನು ಅತ್ತೆ ಬಿಸಾಡಲು ಬಿಡಲಿಲ್ಲ. ಒಳಹೊರಗು ಮಾಡಿ ಹುಣಸೆಹಣ್ಣು ತುಂಬಿಡುತ್ತಾರೆ. ಹೊರಗೆ ಬೆಳ್ಳಿ ಬಣ್ಣ, ಹೆಸರು ಒಳಗೆ.

ನೋಂದಣಿ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಹತ್ತು ವರ್ಷಕ್ಕೆ. 2034ರ ಏಪ್ರಿಲಿನಲ್ಲಿ ನವೀಕರಣ ಅಂತ ಕಪಾಟಿನ ಬಾಗಿಲ ಒಳಗೆ ಬರೆದಿಟ್ಟೆ. ಅತ್ತೆ ಅದನ್ನು ಓದಿ, "ಅಷ್ಟರೊಳಗೆ ನೀವು ಇಲ್ಲಿ ಗೇಟು ಹಾಕಿಸ್ತೀರಾ ಎಂತ?" ಎಂದು ಕೇಳಿದರು. ಕಳೆದ ವಾರ ನಡುವಿನ ಬಿದಿರು ಹುಳ ಹಿಡಿದಿತ್ತು. ಮನೆಯವರು ಹೊಸದು ಕಡಿದು ತಂದು ಹಾಕಿದ್ದಾರೆ, ಇನ್ನೂ ಹಸಿರಾಗಿದೆ.